ದಡಾರ ಬಂದ ಮೇಲೆ ಬಾಗಿಲು ಹಾಕಿಕೊಂಡರೆ ಸಾಕಾ?

[ದೃಶ್ಯ: ಮಂಡ್ಯ ಬಸ್ ನಿಲ್ದಾಣ, ಮಳೆ. ಮೈಸೂರು ಬಸ್ಸಿಗೆ ಜನ ನುಗ್ಗುತ್ತಿದ್ದಾರೆ.]

ನಮಸ್ಕಾರ. ಮಂಡ್ಯದಿಂದ ಮೈಸೂರಿಗೆ ಹೊರಟ ಬಸ್ಸು. ಹೊರಗೆ ಜಡಿಮಳೆ, ಕಿಟಕಿ ಎಲ್ಲಾ ಮುಚ್ಚಿದೆ. ತಾಯಿಯ ಮಡಿಲಲ್ಲಿ ಒಂದು ಮಗು. ಮೈ ಬೆಚ್ಚಗಿದೆ, ಮೂಗು ಸೋರುತ್ತಿದೆ, ಕಣ್ಣು ಕೆಂಪಾಗಿದೆ, ಕೆಮ್ಮುತ್ತಿದೆ. ಪಕ್ಕದ ಸೀಟಿನವರು "ಪಾಪ, ಶೀತ ಆಗಿದೆ" ಅನ್ನುತ್ತಾರೆ. ಮೈಮೇಲೆ ಒಂದು ದದ್ದೂ ಇಲ್ಲ. ಆದರೆ ಅದು ದಡಾರ ಆಗಿದ್ದರೆ, ಆ ಬಸ್ಸಿನಲ್ಲಿ ಆಗಲೇ ಹರಡುತ್ತಿದೆ.

ದಡಾರದ ಇಡೀ ಕಷ್ಟ ಇರುವುದು ಇಲ್ಲೇ. ದದ್ದು ಏಳುವ 4 ದಿನ ಮೊದಲೇ ಅದು ಬೇರೆಯವರಿಗೆ ಅಂಟಲು ಶುರುವಾಗುತ್ತದೆ. ದದ್ದು ಎದ್ದ ಮೇಲೆ ಇನ್ನೂ 4 ದಿನ ಅಂಟುತ್ತದೆ. ಕಿವಿಯ ಹಿಂದೆ, ಹಣೆಯ ಮೇಲೆ ಕೆಂಪು ಕಂಡು "ಓ, ಇದು ದಡಾರ" ಅಂತ ನಮಗೆ ಗೊತ್ತಾಗುವಷ್ಟರಲ್ಲಿ ಅರ್ಧ ಹರಡುವಿಕೆ ಮುಗಿದಿರುತ್ತದೆ.

[ದೃಶ್ಯ: ಊದುಬತ್ತಿಯ ಹೊಗೆ ಕೋಣೆಯಲ್ಲಿ ಹಬ್ಬುತ್ತಿದೆ.]

ಮೈಸೂರಿನವರಿಗೆ ಊದುಬತ್ತಿ ಉದಾಹರಣೆ ಸಾಕು. ಬತ್ತಿ ಆರಿ ಎಷ್ಟೋ ಹೊತ್ತಾದರೂ ಕೋಣೆಗೆ ಬಂದವರಿಗೆ ಪರಿಮಳ ಬಡಿಯುತ್ತದೆ ಅಲ್ವಾ? ದಡಾರದ ವೈರಸ್ ಕೂಡ ಹೀಗೇ ಗಾಳಿಯಲ್ಲಿ ನಿಲ್ಲುತ್ತದೆ. ರೋಗಿ ಎದ್ದುಹೋದ ಮೇಲೂ 2 ಗಂಟೆಯವರೆಗೆ. ಕ್ಲಿನಿಕ್ಕಿನ ಬೆಂಚಿನ ಮೇಲೆ ಬೆಳಗ್ಗೆ 10ಕ್ಕೆ ಕೂತಿದ್ದ ಮಗುವಿನಿಂದ 11 ಗಂಟೆಗೆ ಬಂದ ಮಗುವಿಗೆ ಬರಬಹುದು. ಇಬ್ಬರೂ ಒಬ್ಬರನ್ನೊಬ್ಬರು ನೋಡೇ ಇರುವುದಿಲ್ಲ.

ಲೆಕ್ಕ ನೋಡೋಣ. ಯಾರಿಗೂ ರಕ್ಷಣೆ ಇಲ್ಲದ ಊರಿನಲ್ಲಿ ದಡಾರ ಬಂದ ಒಬ್ಬರಿಂದ 12ರಿಂದ 18 ಜನರಿಗೆ ಹರಡುತ್ತದೆ. 2020ರಲ್ಲಿ ಮೊದಲು ಬಂದ ಕೊರೊನಾ ಹರಡುತ್ತಿದ್ದದ್ದು ಸುಮಾರು 2ರಿಂದ 3 ಜನರಿಗೆ. ಅಷ್ಟಕ್ಕೇ ನಾವು ಎಷ್ಟು ನಡುಗಿದ್ದೆವು ನೆನಪಿದೆಯಾ? ದಡಾರಕ್ಕೆ ಸರಾಸರಿ 15 ಅಂತ ಇಟ್ಟುಕೊಳ್ಳಿ. ಮೊದಲ ಸುತ್ತಿಗೆ 15 ಜನ. ಎರಡನೇ ಸುತ್ತಿಗೆ 225. ಮೂರನೇ ಸುತ್ತಿಗೆ 3375. ಒಂದು ಸುತ್ತಿಗೆ ಬೇಕಾಗುವುದು ಎರಡು ವಾರಕ್ಕಿಂತ ಕಮ್ಮಿ.

[ದೃಶ್ಯ: ಹಳ್ಳಿಯ ಮನೆಯ ಬಾಗಿಲು, ಬೇವಿನ ಸೊಪ್ಪು ಸಿಕ್ಕಿಸಿದೆ.]

ನಮ್ಮ ಕಡೆ ದಡಾರಕ್ಕೂ ಸೀತಾಳೆ ಸಿಡುಬಿಗೂ "ಅಮ್ಮ ಆಗಿದೆ" ಅಂತಲೇ ಹೇಳುತ್ತಾರೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಾರೆ, ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ, ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ಮಗುವನ್ನು ಬೇರೆ ಮಲಗಿಸುವುದು, ಎಳನೀರು ಕೊಡುವುದು, ಇದರಲ್ಲಿ ತಪ್ಪೇನಿಲ್ಲ. ನನಗೆ ಹೆದರಿಕೆ ಆಗುವುದು ಒಂದೇ ಮಾತಿಗೆ: "ಅಮ್ಮ ಬಂದಾಗ ಡಾಕ್ಟರ ಹತ್ತಿರ ಹೋಗಬಾರದು." ದಯವಿಟ್ಟು ಈ ಮಾತು ಬಿಡಿ. ದಡಾರದಲ್ಲಿ ಮಕ್ಕಳ ಜೀವ ತೆಗೆಯುವುದು ದದ್ದಲ್ಲ, ಅದರ ಹಿಂದೆ ಬರುವ ನ್ಯುಮೋನಿಯಾ, ಭೇದಿ. ಆಸ್ಪತ್ರೆಯಲ್ಲಿ ಎರಡು ದಿನ ಕೊಡುವ ವಿಟಮಿನ್ ಎ ಮಗುವಿನ ಕಣ್ಣನ್ನೂ ಜೀವವನ್ನೂ ಕಾಪಾಡುತ್ತದೆ. ಊಟ, ಎದೆಹಾಲು ಯಾವುದನ್ನೂ ನಿಲ್ಲಿಸಬೇಡಿ.

ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಮಗುವಿನ ದೇಹ ಅಲ್ಲಿಯವರೆಗೆ ಬೇರೆ ಬೇರೆ ಕಾಯಿಲೆಗಳ ಜೊತೆ ಹೋರಾಡಿ ಕಲಿತಿದ್ದರಲ್ಲಿ ಒಂದಷ್ಟನ್ನು ದಡಾರ ಅಳಿಸಿಹಾಕುತ್ತದೆ. ವಾಸಿಯಾಯಿತು ಅಂದುಕೊಂಡ ಮಗು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬೇರೆ ಸೋಂಕುಗಳಿಗೆ ಸುಲಭದ ತುತ್ತಾಗುತ್ತದೆ.

[ದೃಶ್ಯ: ಮೈಸೂರಿನ ಹಳೆಯ ಬೀದಿಗಳ ಕಪ್ಪು ಬಿಳುಪು ಚಿತ್ರ.]

ನಮ್ಮ ಅಜ್ಜಂದಿರ ಕಾಲದ ಒಂದು ಬುದ್ಧಿ ಇತ್ತು. ಇಲಿ ಸತ್ತು ಬಿದ್ದರೆ ಊರು ಬಿಡು. 1898ರಲ್ಲಿ ಪ್ಲೇಗ್ ಮೈಸೂರು ಸಂಸ್ಥಾನಕ್ಕೆ ಕಾಲಿಟ್ಟಾಗ ಜನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಅದು ಸರಿಯಾದ ಕೆಲಸವೇ. ಪ್ಲೇಗ್ ಹರಡುವುದು ಇಲಿಯ ಮೈಮೇಲಿನ ಚಿಗಟದಿಂದ. ಇಲಿ ಸತ್ತರೆ ಚಿಗಟ ಮನುಷ್ಯರನ್ನು ಹುಡುಕಿಕೊಂಡು ಬರುತ್ತದೆ. ಆಮೇಲೆ 1903ರಲ್ಲಿ ಮೈಸೂರಿನಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು, ಇಕ್ಕಟ್ಟಾದ ಕೇರಿಗಳ ಜಾಗದಲ್ಲಿ ಅಗಲ ರಸ್ತೆ, ಚರಂಡಿ, ಹೊಸ ಬಡಾವಣೆ ಬಂದವು. ಅದೂ ಸರಿಯೇ.

ಆದರೆ ದಡಾರಕ್ಕೆ ಇದೇ ಬುದ್ಧಿ ಓಡಿಸಿದರೆ? ಊರು ಬಿಟ್ಟವರ ಉಸಿರಿನಲ್ಲೇ ರೋಗ ಇನ್ನೊಂದು ಊರಿಗೆ ಹೋಗುತ್ತದೆ. ಕಾಲರಾಕ್ಕೆ ನೀರು ಕುದಿಸಿ ಕುಡಿದರೆ ದೊಡ್ಡ ರಕ್ಷಣೆ, ದಡಾರಕ್ಕೆ ಅದರಿಂದ ಏನೂ ಆಗುವುದಿಲ್ಲ. ರೋಗ ಬರುವ ದಾರಿ ನೋಡಿಯೇ ಅಡ್ಡ ಹಾಕಬೇಕು. ಗಾಳಿಯಲ್ಲಿ, ಗುರುತು ಸಿಗುವ ಮೊದಲೇ ಬರುವ ದಡಾರಕ್ಕೆ ಅಡ್ಡ ಹಾಕಲು ಇರುವುದು ಲಸಿಕೆ.

[ದೃಶ್ಯ: ಅಂಗನವಾಡಿ, ಐಸ್ ಪ್ಯಾಕ್ ಇಟ್ಟ ನೀಲಿ ಡಬ್ಬಿ, ತಾಯಿ ಕಾರ್ಡ್.]

ಎಂಆರ್ ಲಸಿಕೆ. ದಡಾರ, ರುಬೆಲ್ಲಾ (ದದ್ದು ಏಳುವ ಇನ್ನೊಂದು ವೈರಸ್ ಕಾಯಿಲೆ) ಎರಡಕ್ಕೂ ಒಂದೇ. ಮೊದಲ ಡೋಸ್ 9 ತಿಂಗಳು ತುಂಬಿದ ಮೇಲೆ, ಎರಡನೆಯದು 16ರಿಂದ 24 ತಿಂಗಳ ಒಳಗೆ. ಸರ್ಕಾರಿ ಆಸ್ಪತ್ರೆಯಲ್ಲಿ, ಅಂಗನವಾಡಿಯಲ್ಲಿ ಪುಕ್ಕಟೆ.

ಎರಡನೇ ಡೋಸ್ ಸುಮ್ನೆ ಅಲ್ಲ. 9 ತಿಂಗಳಿಗೆ ಕೊಟ್ಟ ಮೊದಲ ಡೋಸ್ 100 ಮಕ್ಕಳಲ್ಲಿ ಸುಮಾರು 85 ಮಕ್ಕಳಿಗೆ ಹಿಡಿಯುತ್ತದೆ. ಉಳಿದ 15 ಮಕ್ಕಳು ಯಾರು ಅಂತ ನೋಡಿದರೆ ಗೊತ್ತಾಗುವುದಿಲ್ಲ. ಅವರಿಗಾಗಿಯೇ ಎರಡನೇ ಡೋಸ್. ಊರಿನಲ್ಲಿ 100ಕ್ಕೆ 95 ಮಂದಿಗೆ ಎರಡೂ ಡೋಸ್ ಬಿದ್ದರೆ ರೋಗಕ್ಕೆ ದಾರಿ ಸಿಗುವುದಿಲ್ಲ. ಆಗ ಇನ್ನೂ 9 ತಿಂಗಳು ತುಂಬದ ಕೂಸುಗಳೂ ಉಳಿಯುತ್ತವೆ.

ಜಿಲ್ಲೆಯ ಲೆಕ್ಕದಲ್ಲಿ 95 ಬಂದರೂ ಸಾಲದು. ಮಂಡ್ಯದ ಆಲೆಮನೆಗಳಿಗೆ, ಕಬ್ಬು ಕಡಿಯುವ ಕೆಲಸಕ್ಕೆ ದೂರದೂರುಗಳಿಂದ ಕುಟುಂಬಗಳು ಬರುತ್ತವೆ. ಮೊದಲ ಡೋಸ್ ಒಂದೂರಲ್ಲಿ ಹಾಕಿಸಿರುತ್ತಾರೆ. ಎರಡನೇ ಡೋಸಿನ ಹೊತ್ತಿಗೆ ಇನ್ನೊಂದು ಗದ್ದೆಯ ಪಕ್ಕದ ಶೆಡ್ಡಿನಲ್ಲಿರುತ್ತಾರೆ. ಆ ಒಂದು ಶೆಡ್ಡಿನಲ್ಲಿ 10 ಮಕ್ಕಳಿಗೆ ಡೋಸ್ ತಪ್ಪಿದ್ದರೆ ದಡಾರಕ್ಕೆ ಅಷ್ಟೇ ಸಾಕು. ನಿಮ್ಮ ಆಲೆಮನೆಯಲ್ಲಿ, ತೋಟದಲ್ಲಿ ಇಂಥ ಮಕ್ಕಳಿದ್ದರೆ ಆಶಾ ಕಾರ್ಯಕರ್ತೆಗೆ ಒಂದು ಫೋನ್ ಮಾಡಿ. ಕರೆದ ದಿನ ಮಕ್ಕಳನ್ನು ಹೊತ್ತಿಗೆ ಸರಿಯಾಗಿ ಕರೆದುಕೊಂಡು ಹೋಗಿ, ಯಾಕೆಂದರೆ ಈ ಲಸಿಕೆ ಪುಡಿಯಾಗಿ ಬರುತ್ತದೆ, ದ್ರಾವಣ ಬೆರೆಸಿ ಒಮ್ಮೆ ಕಲಸಿದ ಬಾಟಲಿ 4 ಗಂಟೆಯಷ್ಟೇ ನಡೆಯುತ್ತದೆ.

[ದೃಶ್ಯ: ನಿರೂಪಕರು ಕ್ಯಾಮೆರಾ ಮುಂದೆ, ಕೈಯಲ್ಲಿ ತಾಯಿ ಕಾರ್ಡ್.]

ಮಗುವಿಗೆ ಜ್ವರ, ಕೆಂಗಣ್ಣು, ದದ್ದು ಮೂರೂ ಇದ್ದರೆ ಆಸ್ಪತ್ರೆಗೆ ಹೊರಡುವ ಮೊದಲು ಫೋನ್ ಮಾಡಿ ಹೇಳಿ. ಬೇರೆ ಮಕ್ಕಳ ಮಧ್ಯೆ ಕೂರಿಸದೆ ನೇರ ಒಳಗೆ ಕರೆಯಲು ಅವರಿಗೆ ಅನುಕೂಲ. ಸಾಧ್ಯವಾದರೆ ಬಸ್ಸು ಬೇಡ.

ಡೋಸ್ ತಪ್ಪಿಹೋಗಿದ್ದರೆ 5 ವರ್ಷ ತುಂಬುವವರೆಗೂ ಹಾಕಿಸಬಹುದು. ಕಾರ್ಡ್ ಕಳೆದುಹೋಗಿದೆ, ಹಾಕಿಸಿದ್ದೆವೋ ಇಲ್ಲವೋ ನೆನಪಿಲ್ಲ ಅಂದರೂ ಹೋಗಿ. ಒಂದು ಡೋಸ್ ಜಾಸ್ತಿ ಬಿದ್ದರೆ ಮಗುವಿಗೆ ಏನೂ ತೊಂದರೆ ಇಲ್ಲ.