ಮುಂದಿನ ಹೆಜ್ಜೆ ಲೆಕ್ಕ ಹಾಕುವ ಮೋಟಾರು

ಕೇಳುಗರಿಗೆ ನಮಸ್ಕಾರ.

ಬಾಗಲಕೋಟೆ ಜಿಲ್ಲೆಯ ಮುಧೋಳದ ಕಡೆ ಆಲೆಮನೆಗೆ ಹೋದವರಿಗೆ ಈ ಸದ್ದು ಗೊತ್ತಿರುತ್ತದೆ. ಗಾಣಕ್ಕೆ ನಾಲ್ಕು ಕಬ್ಬು ಕೊಡುವಲ್ಲಿ ಆರು ತುರುಕಿದರೆ ಮೋಟಾರು ನರಳುತ್ತದೆ, ಬೆಲ್ಟು ಕಿರುಗುಟ್ಟುತ್ತದೆ, ಬಲ್ಬು ಮಂಕಾಗುತ್ತದೆ. ನಮ್ಮ ಆಲೆಮನೆಯಲ್ಲಿ ಕಬ್ಬು ಕೊಡುತ್ತಿದ್ದ ಕಾಕಾ ಮಾತ್ರ ಮೊದಲೇ ಕೈ ತಡೆಯುತ್ತಿದ್ದರು. ಯಾಕೆ ಕಾಕಾ ಅಂದರೆ, "ಗಣ್ಣು ದಪ್ಪ ಐತಿ ನೋಡೋ ತಮ್ಮಾ, ಹಿಂಗ ಹಾಕಿದ್ರ ಮೋಟಾರ್ ಒದರ್ತೈತಿ" ಅನ್ನುತ್ತಿದ್ದರು.

ಕಾಕಾನ ಆ ಬುದ್ಧಿಯನ್ನೇ ಈಗ ಮೋಟಾರಿನ ಡ್ರೈವ್‌ಗೆ, ಅಂದರೆ ಮೋಟಾರಿಗೆ ಹೋಗುವ ಕರೆಂಟನ್ನು ಹಿಡಿತದಲ್ಲಿಡುವ ಪೆಟ್ಟಿಗೆಗೆ, ಕಲಿಸುತ್ತಿದ್ದಾರೆ. ಪ್ರಿಡಿಕ್ಟಿವ್ ಟಾರ್ಕ್ ಕಂಟ್ರೋಲ್ ಅಂತ ಅದರ ಹೆಸರು. ಟಾರ್ಕ್ ಅಂದರೆ ತಿರುಗಿಸುವ ಬಲ, ಅದನ್ನು ಮುಂಚೆಯೇ ಅಂದಾಜು ಮಾಡಿ ಹಿಡಿತದಲ್ಲಿಡುವುದು.

ಗಾಣದಲ್ಲಿರುವುದು ಇಂಡಕ್ಷನ್ ಮೋಟಾರು. ನಾಲ್ಕು ಪೋಲಿನದಾದರೆ, ಅಂದರೆ ನಾಲ್ಕು ಅಯಸ್ಕಾಂತ ಧ್ರುವದ್ದಾದರೆ, 50 ಹರ್ಟ್ಸ್ ಕರೆಂಟಿನಲ್ಲಿ ಒಳಗಿನ ಅಯಸ್ಕಾಂತ ಕ್ಷೇತ್ರ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ರೋಟರ್, ಅಂದರೆ ತಿರುಗುವ ಭಾಗ, 1440ರ ಆಸುಪಾಸು. ಆ ಹಿಂದುಳಿಯುವಿಕೆಯಿಂದಲೇ ಬಲ ಹುಟ್ಟುವುದು.

ಸಾದಾ ಡ್ರೈವ್ ವೇಗಕ್ಕೆ ತಕ್ಕಂತೆ ವೋಲ್ಟೇಜು ಕೊಡುತ್ತದೆ, ಅಷ್ಟೇ. 1986ರಲ್ಲಿ ಜಪಾನಿನ ತಕಹಾಶಿ ಮತ್ತು ನೊಗುಚಿ ಟಾರ್ಕನ್ನೇ ನೇರವಾಗಿ ಹಿಡಿಯುವ ದಾರಿ ತೋರಿಸಿದರು. ಆದರೆ ಅಲ್ಲಿಯೂ ಟಾರ್ಕ್ ಗೆರೆ ದಾಟಿದ ಮೇಲೆಯೇ ಡ್ರೈವ್ ಎಚ್ಚರಾಗುವುದು. ಮುಂದೆ ಚಿಲಿ ದೇಶದ ಹೋಸೆ ರೊಡ್ರಿಗೆಸ್ ಮತ್ತು ಜೊತೆಗಾರರು, ಇನ್ನೂ ಎಷ್ಟೋ ಜನ, ದಾಟುವ ಮೊದಲೇ ನೋಡಿದರೆ ಹೇಗೆ ಅಂತ ಕೆಲಸ ಮಾಡಿದರು.

ಡ್ರೈವಿನೊಳಗೆ ಮೋಟಾರಿಗೆ ಕರೆಂಟು ಕೊಡುವ ಭಾಗಕ್ಕೆ ಇನ್ವರ್ಟರ್ ಅಂತಾರೆ. ಸಾಮಾನ್ಯ ಇನ್ವರ್ಟರಿನಲ್ಲಿ ಆರು ಸ್ವಿಚ್ಚು. ಅವನ್ನು ಎಂಟು ಬಗೆಯಲ್ಲಿ ಹಾಕಬಹುದು. ಎರಡರ ಫಲ ಒಂದೇ, ಹಾಗಾಗಿ ಮೋಟಾರಿಗೆ ಸಿಗುವುದು ಏಳು ಬಗೆಯ ವೋಲ್ಟೇಜು. ಡ್ರೈವ್ ಕರೆಂಟು, ವೇಗ ಅಳೆಯುತ್ತದೆ. ಇದನ್ನು ಕೊಟ್ಟರೆ ಟಾರ್ಕ್ ಎಷ್ಟಾದೀತು, ಅಯಸ್ಕಾಂತ ಬಲ ಎಷ್ಟಾದೀತು ಅಂತ ಏಳಕ್ಕೂ ಲೆಕ್ಕ ಹಾಕಿ, ಬೇಕಾದ್ದಕ್ಕೆ ಹತ್ತಿರ ಇರುವುದನ್ನು ಆರಿಸುತ್ತದೆ. 50 ಮೈಕ್ರೊಸೆಕೆಂಡಿಗೊಮ್ಮೆ ಅಂತ ಇಟ್ಟುಕೊಳ್ಳಿ, ಸೆಕೆಂಡಿಗೆ 20,000 ಸಲ! ಲೆಕ್ಕ ಮಾಡಲಿಕ್ಕೂ ಹೊತ್ತು ಬೇಕಲ್ವಾ, ಅದಕ್ಕೇ ಒಂದಲ್ಲ, ಎರಡು ಹೆಜ್ಜೆ ಮುಂದೆ ನೋಡುತ್ತದೆ. ನನಗಂತೂ ಇದು ತುಂಬಾ ಚೆಂದದ ವಿಚಾರ.

ಆದರೆ ಈ ಲೆಕ್ಕವೆಲ್ಲ ಮೋಟಾರಿನ ಬಗ್ಗೆ ನಾವು ಕೊಟ್ಟ ಅಂಕಿಗಳ ಮೇಲೆ ನಿಂತಿದೆ. ನಮ್ಮ ಊರುಗಳಲ್ಲಿ ರಿವೈಂಡಿಂಗ್ ಆಗದ, ಅಂದರೆ ಒಳಗಿನ ತಂತಿ ಹೊಸದಾಗಿ ಸುತ್ತಿಸಿಕೊಳ್ಳದ, ಮೋಟಾರು ಎಷ್ಟಿವೆ ಹೇಳಿ? ನಮ್ಮ 10 ಎಚ್‌ಪಿ ಮೋಟಾರೂ ಒಮ್ಮೆ ಸುಟ್ಟು ರಿವೈಂಡಿಂಗ್ ಆಗಿ ಬಂತು. ಮೊದಲಿಗಿಂತ ಜಾಸ್ತಿ ಬಿಸಿಯಾಗುತ್ತಿತ್ತು. ಬಿಚ್ಚಿಸಿ ಎಣಿಸಿದರೆ ತಂತಿ 60 ಸುತ್ತು ಇರಬೇಕಾದಲ್ಲಿ 57. ಮೂರೇ ಸುತ್ತು ಕಮ್ಮಿ, ಆದರೆ ಇಂಡಕ್ಟೆನ್ಸ್, ಅಂದರೆ ಕರೆಂಟಿನ ಏರಿಳಿತವನ್ನು ತಡೆಯುವ ಸುರುಳಿಯ ಗುಣ, ಸುಮಾರು ನೂರಕ್ಕೆ ಹತ್ತರಷ್ಟು ಇಳಿಯುತ್ತದೆ. ನೇಮ್‌ಪ್ಲೇಟ್ ಮಾತ್ರ ಹಳೆಯದೇ. ಹಳೇ ಅಂಕಿ ನಂಬಿದ ಡ್ರೈವ್ ಮುಂದಿನದ್ದನ್ನು ತಪ್ಪಾಗಿಯೇ ಹೇಳುತ್ತದೆ.

ಬಿಸಿಯೂ ಹಾಗೇ. ತಾಮ್ರ 60 ಡಿಗ್ರಿ ಹೆಚ್ಚು ಕಾದರೆ ಅದರ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಹೆಚ್ಚುಕಮ್ಮಿ ಕಾಲು ಭಾಗ ಏರುತ್ತದೆ. ವೇಗ ಜೋರಿದ್ದಾಗ ಇದು ಅಷ್ಟು ಕಾಡುವುದಿಲ್ಲ. ಗಾಣ ಸಿಕ್ಕಿಕೊಂಡು ಮೆಲ್ಲಗೆ ತಿರುಗುವಾಗಲೇ ಕಾಡುವುದು. ಬಲ ಬೇಕಾಗಿರುವುದೂ ಆವಾಗಲೇ.

ನಿಮ್ಮ ಗಾಣಕ್ಕೆ ಇಂಥ ಡ್ರೈವ್ ಇನ್ನೂ ಬಂದಿಲ್ಲದಿರಬಹುದು. ಆದರೆ ಮೋಟಾರಿನ ಅಂಕಿಗಳನ್ನೇ ನಂಬಿ ನಡೆಯುವ ಇನ್ನೊಂದು ಬಗೆಯ ಡ್ರೈವ್, ವೆಕ್ಟರ್ ಡ್ರೈವ್, ಇದ್ದರೂ ಈ ಮಾತು ಸುಳ್ಳಾಗುವುದಿಲ್ಲ. ರಿವೈಂಡಿಂಗ್ ಆದ ಮೇಲೆ ಆಟೊ ಟ್ಯೂನ್, ಅಂದರೆ ಡ್ರೈವೇ ಮೋಟಾರಿನ ಅಂಕಿಗಳನ್ನು ಅಳೆದುಕೊಳ್ಳುವ ಕೆಲಸ, ಮಾಡಿಸದೆ ಸುಮ್ನೆ ಚಾಲೂ ಮಾಡಬೇಡಿ. ರಿವೈಂಡಿಂಗ್ ಮಾಡುವ ಅಣ್ಣಂದಿರೇ, ರೆಸಿಸ್ಟೆನ್ಸಿಗೆ ಸಾದಾ ಮಲ್ಟಿಮೀಟರ್ ನೆಚ್ಚಬೇಡಿ. ಮೋಟಾರು ತಣ್ಣಗಿದ್ದಾಗ ಬ್ಯಾಟರಿಯಿಂದ ಹದವಾಗಿ ಕರೆಂಟ್ ಹಾಯಿಸಿ, ವೋಲ್ಟೇಜು ಅಳೆದು, ಕರೆಂಟಿನಿಂದ ಭಾಗಿಸಿ. ಆಮೇಲೆ ಟರ್ಮಿನಲ್ ಬಾಕ್ಸಿನ ಮುಚ್ಚಳದ ಒಳಗೆ ಪೇಂಟಿನಲ್ಲಿ ಬರೆದಿಡಿ: ಸುತ್ತು ಎಷ್ಟು, ತಂತಿಯ ಗೇಜು ಎಷ್ಟು, ಎಷ್ಟು ಓಮ್, ಯಾವ ತಾರೀಕು.

ನಮಸ್ಕಾರ.