ಹತ್ತು ಮಕ್ಕಳು, ಒಂದೇ ಬಟ್ಟೆ

ಕೇಳುಗರಿಗೆ ನಮಸ್ಕಾರ.

ಕೈಮಗ್ಗದ ಸೀರೆ ನೋಡಿದಾಗ, ಇದನ್ನು ನೇಯ್ದವರು ಯಾರು ಅಂತ ಕೇಳುತ್ತೇವೆ. ಒಬ್ಬರ ಹೆಸರು ಹೇಳುತ್ತಾರೆ. ಆದರೆ ನೇಕಾರರ ಮನೆಯಲ್ಲಿ ಬೆಳೆದವರಿಗೆ ಗೊತ್ತು, ಅದು ಒಬ್ಬರ ಕೆಲಸ ಅಲ್ಲ. ರಾಟೆ ಮುಂದೆ ಕೂತು ಕಂಡಿಕೆ, ಅಂದರೆ ನೂಲಿನ ಪುಟ್ಟ ಕೊಳವೆ, ಸುತ್ತುವವರು ಬೇರೆ. ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ಹಾಸುನೂಲಿಗೆ ಗಂಜಿ ಹಾಕುವ ದಿನ ಬೀದಿಯುದ್ದಕ್ಕೂ ನೂಲು ಎಳೆದು ಕಟ್ಟಬೇಕು, ಆಗ ಅಕ್ಕಪಕ್ಕದ ಮನೆಯವರೂ ಬರುತ್ತಾರೆ. ಒಡಲಿಗೂ ಅಂಚಿಗೂ ಬೇರೆ ಬೇರೆ ಬಣ್ಣದ ನೂಲು ಕೊಂಡಿ ಹಾಕಿ ನೇಯುವ ಕಂಚಿಯ ಕೊರ್ವೈ ಸೀರೆಗಂತೂ, ಅಂಚಿನ ಅಡ್ಡನೂಲು ಒಯ್ಯುವ ಲಾಳಿ ನೋಡಿಕೊಳ್ಳಲು ನೇಕಾರರ ಪಕ್ಕದಲ್ಲಿ ಇನ್ನೊಬ್ಬರು ಬೇಕು. 2019-20ರ ಕೈಮಗ್ಗ ಗಣತಿಯಲ್ಲಿ ದೇಶದ 26 ಲಕ್ಷಕ್ಕೂ ಜಾಸ್ತಿ ನೇಕಾರರ ಜೊತೆಗೆ, ಇಂಥ ಪೂರಕ ಕೆಲಸ ಮಾಡುವ 8 ಲಕ್ಷಕ್ಕೂ ಜಾಸ್ತಿ ಜನರ ಲೆಕ್ಕವೂ ಇದೆ. ಅವರಲ್ಲಿ ಹೆಚ್ಚಿನವರು ಹೆಂಗಸರು.

ನಾನು ಬೆಂಗಳೂರು ಪೇಟೆಯ ನೇಕಾರರ ಮನೆಯವಳು. ಈಗ ಶಾಲೆಗಳಲ್ಲಿ, ಬಡಾವಣೆಗಳಲ್ಲಿ ಜನರನ್ನು ಕೂರಿಸಿಕೊಂಡು ಒಟ್ಟಿಗೆ ನೇಯುವುದನ್ನು ಕಲಿಸುತ್ತೇನೆ. ಒಟ್ಟಿಗೆ ಅಂದರೆ ಒಂದೇ ಚೌಕಟ್ಟಿನ ಮೇಲೆ, ಒಂದೇ ಹಾಸಿನ ಮೇಲೆ. ಇದನ್ನು ಒತ್ತಿ ಹೇಳುತ್ತೇನೆ. ಯಾಕೆಂದರೆ ಶಾಲೆಯವರು ಮೊದಲು ಕೇಳುವುದೇ ಬೇರೆ: "ಮೇಡಂ, ಪ್ರತಿ ಮಗುವೂ ಮನೆಗೆ ಒಂದೊಂದು ಪುಟ್ಟ ಪೀಸ್ ತೆಗೆದುಕೊಂಡು ಹೋಗಲಿ. ಅಪ್ಪ ಅಮ್ಮ ನೋಡಬೇಕಲ್ಲ?" ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ನಾನು ಒಪ್ಪುವುದಿಲ್ಲ. ಪರೀಕ್ಷೆ, ರ್‍ಯಾಂಕು, ಚಿತ್ರಕಲಾ ಸ್ಪರ್ಧೆ ಎಲ್ಲದರಲ್ಲೂ ಮಕ್ಕಳು ಒಬ್ಬೊಬ್ಬರೇ. ಇದೊಂದಾದರೂ ಹಾಗಾಗದಿರಲಿ.

ನಮ್ಮ ಮಗ್ಗ ತುಂಬಾ ಸರಳ. ಆರಡಿ ಅಗಲದ ಮರದ ಚೌಕಟ್ಟು. ಮೇಲಿನ ಪಟ್ಟಿಗೂ ಕೆಳಗಿನ ಪಟ್ಟಿಗೂ ಸಾಲಾಗಿ ಮೊಳೆ. ಮೇಲಿಂದ ಕೆಳಗೆ ಬಿಗಿಯಾಗಿ ಹತ್ತಿಯ ಹುರಿ. ಇದು ಹಾಸು. ಅದಕ್ಕೆ ಅಡ್ಡಡ್ಡ ತೂರಿಸುವ ಹೊಕ್ಕು ಮಕ್ಕಳ ಮನೆಯಿಂದಲೇ ಬರುತ್ತದೆ. ಅಜ್ಜಿಯ ಹಳೇ ಸೀರೆ, ತಾತನ ಪಂಚೆ, ಗಿಡ್ಡವಾದ ಯೂನಿಫಾರ್ಮು, ಬೀದಿಯ ಟೈಲರ್ ಕೊಟ್ಟ ಚೂರುಗಳು. ಅಮ್ಮ ಗಾರ್ಮೆಂಟ್ಸ್‌ಗೆ ಹೋಗುವ ಮಕ್ಕಳು ಬಟ್ಟೆ ಮುಟ್ಟಿದ ಕೂಡಲೇ ಇದು ಕಾಟನ್, ಇದು ಪಾಲಿಸ್ಟರ್ ಅಂತ ಹೇಳುತ್ತಾರೆ. ಆ ಗಂಟೆ ಅವರೇ ತರಗತಿಯ ಜಾಣರು. ಎಲ್ಲವನ್ನೂ ಎರಡು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿಕೊಳ್ಳುತ್ತೇವೆ.

ಶುರುವಿನಲ್ಲಿ ಎಲ್ಲ ಮಕ್ಕಳೂ ಪಟ್ಟಿಯನ್ನು ಜಗ್ಗಿ ಎಳೆಯುತ್ತಾರೆ. ಎಳೆದಷ್ಟೂ ಅಂಚು ಒಳಗೆ ಸರಿಯುತ್ತದೆ, ಬಟ್ಟೆಯ ನಡು ಸಣ್ಣಗಾಗುತ್ತದೆ. ಪಟ್ಟಿಯನ್ನು ಕಮಾನಿನ ಹಾಗೆ ಸಡಿಲ ಬಿಟ್ಟು, ಆಮೇಲೆ ಬಾಚಣಿಗೆಯಿಂದ ಕೆಳಗೆ ತಟ್ಟಬೇಕು. ಇದು ಬೇಗ ಕೈಗೆ ಹತ್ತುತ್ತದೆ.

ಕಷ್ಟ ಇರುವುದು ಪಕ್ಕದವರ ಜೊತೆ ಸೇರುವ ಜಾಗದಲ್ಲಿ. ಒಂದು ಚೌಕಟ್ಟಿನ ಮುಂದೆ ಐದು ಮಕ್ಕಳು, ಹಿಂದೆ ಐದು ಮಕ್ಕಳು ಕೂತಿರುತ್ತಾರೆ ಅಂದುಕೊಳ್ಳಿ. ಎದುರುಬದುರು ಕೂತ ಇಬ್ಬರದು ಒಂದು ಪಾಲು, ಪಟ್ಟಿಯನ್ನು ಆ ಕಡೆಯಿಂದ ಈ ಕಡೆಗೆ ತೂರಿಸಿ ಕೊಡುತ್ತಾರೆ. ಒಂದು ಪಾಲಿನವರು ತಮ್ಮ ಎಳೆಯನ್ನು ಅಲ್ಲಿಂದಲ್ಲಿಗೇ ತಿರುಗಿಸಿಕೊಂಡರೆ, ಎರಡು ಬಣ್ಣದ ನಡುವೆ ಸೀಳು ಉಳಿಯುತ್ತದೆ. ಸೀಳು ಬೇಡ ಅಂದರೆ ನನ್ನ ಪಟ್ಟಿ ನಿನ್ನ ಪಟ್ಟಿಯ ಕುಣಿಕೆಯೊಳಗೆ ಹಾದು ತಿರುಗಬೇಕು. ಅದಕ್ಕೆ ಇಬ್ಬರೂ ಒಂದೇ ಸಾಲಿನಲ್ಲಿರಬೇಕು. ಚುರುಕಿನ ಹುಡುಗಿ ನಾಲ್ಕು ಸಾಲು ಮುಂದೆ ಹೋಗಿಬಿಟ್ಟರೆ ಅಲ್ಲೇ ನಿಲ್ಲಬೇಕು. ನಿಂತವಳು ಏನು ಮಾಡುತ್ತಾಳೆ? ಸ್ವಲ್ಪ ಹೊತ್ತು ಗೊಣಗುತ್ತಾಳೆ. ಆಮೇಲೆ ಪಕ್ಕದವನ ಪಟ್ಟಿ ಎಲ್ಲಿ ಸಿಕ್ಕಿಕೊಂಡಿದೆ ಅಂತ ಬಗ್ಗಿ ನೋಡುತ್ತಾಳೆ. ಕನ್ನಡ, ತಮಿಳು, ಹಿಂದಿ, ನೇಪಾಳಿ ಮಾತಾಡುವ ಮಕ್ಕಳು ಒಂದೇ ತರಗತಿಯಲ್ಲಿರುವ ಊರು ನಮ್ಮದು. "ಮೇಲೆ, ಕೆಳಗೆ, ಮೇಲೆ, ಕೆಳಗೆ" ಅನ್ನುವಷ್ಟು ಕನ್ನಡ ಅವರಿಗೆ ಇಲ್ಲೇ ಬಂದುಬಿಡುತ್ತದೆ.

ಈ ಕುಣಿಕೆಯ ಮಾತು ಬಂದಾಗ ನಾನು ಇಳಕಲ್ ಸೀರೆ ಬಿಚ್ಚಿ ತೋರಿಸುತ್ತೇನೆ. ಅಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಂದರ ಕುಣಿಕೆಯೊಳಗೆ ಇನ್ನೊಂದನ್ನು ತೂರಿಸಿ, ಎಳೆ ಎಳೆಯಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ತಾವು ಈಗತಾನೇ ಪಟ್ಟಿಯಲ್ಲಿ ಮಾಡಿದ್ದನ್ನೇ ಅಷ್ಟು ಸಣ್ಣ ನೂಲಿನಲ್ಲಿ ನೋಡಿ ಮಕ್ಕಳು ಸೀರೆಗೆ ಮೂಗು ತಾಗುವಷ್ಟು ಬಗ್ಗುತ್ತಾರೆ. ಅದಕ್ಕೇ ಮೊದಲು ಕೈಗೆ ಕೆಲಸ ಕೊಡಬೇಕು, ಸೀರೆ ಆಮೇಲೆ ತೋರಿಸಬೇಕು.

ದೊಡ್ಡವರಿಗೆ ಒಂದು ಬೇಡಿಕೆ. ಮಕ್ಕಳು ಮನೆಗೆ ಹೋದ ಮೇಲೆ ಡೊಂಕು ಸಾಲು ಬಿಚ್ಚಿ ನೀಟಾಗಿ ಮಾಡಬೇಡಿ. ಈಜಿಪ್ಟಿನಲ್ಲಿ ಕೈರೋ ಹತ್ತಿರ ಹರಾನಿಯಾ ಅಂತ ಒಂದು ಹಳ್ಳಿ. 1950ರ ದಶಕದ ಶುರುವಿನಲ್ಲಿ ರಾಮ್ಸೆಸ್ ವಿಸ್ಸಾ ವಾಸೆಫ್ ಎಂಬ ವಾಸ್ತುಶಿಲ್ಪಿ ಅಲ್ಲಿನ ಹಳ್ಳಿ ಮಕ್ಕಳಿಗೆ ಮಗ್ಗ ಕೊಟ್ಟರು. ಮುಂಚೆಯೇ ಬರೆದ ಚಿತ್ರ ನೋಡಿ ನೇಯುವ ಹಾಗಿಲ್ಲ, ದೊಡ್ಡವರು ತಪ್ಪು ಹುಡುಕುವ ಹಾಗಿಲ್ಲ ಅಂತ ನಿಯಮ ಇಟ್ಟರು. ಆ ಮಕ್ಕಳು ನೇಯ್ದ ಮರ, ಹಕ್ಕಿ, ನದಿಗಳು ಜಗತ್ತಿನ ದೊಡ್ಡ ಮ್ಯೂಸಿಯಂಗಳನ್ನು ಸೇರಿದವು.

ಬಡಾವಣೆಗಳಲ್ಲಿ ಕಲಿಸುವಾಗ ನನಗೆ ಕೌದಿಯ ನೆನಪು ಜಾಸ್ತಿ. ಉತ್ತರ ಕರ್ನಾಟಕದ ಹೆಂಗಸರು, ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ಧಿ ಹೆಂಗಸರು ಹಳೇ ಬಟ್ಟೆಯ ತುಂಡುಗಳನ್ನು ಸೇರಿಸಿ ಕೌದಿ ಹೊಲಿಯುತ್ತಾರೆ. ಅಪಾರ್ಟ್‌ಮೆಂಟಿನ ನೆಲಮಹಡಿಯಲ್ಲಿ ಚೌಕಟ್ಟು ನಿಲ್ಲಿಸಿದಾಗ, ಅಲ್ಲಿ ಮನೆಕೆಲಸಕ್ಕೆ ಬರುವ ಅಂಥ ಒಬ್ಬ ಅಮ್ಮ ಮೊದಲು ದೂರ ನಿಂತೇ ನೋಡುತ್ತಿದ್ದರು. ಕರೆದು ಕೂರಿಸಿದೆ. ಸ್ವಲ್ಪ ಹೊತ್ತಿಗೆ, ಬಣ್ಣದ ಪಕ್ಕ ಯಾವ ಬಣ್ಣ ಬರಬೇಕು ಅಂತ ಉಳಿದವರೆಲ್ಲ ಅವರನ್ನೇ ಕೇಳತೊಡಗಿದರು. ಅಲ್ಲಿಯವರೆಗೆ ಅವರ ಹೆಸರು ಕೂಡ ಅಲ್ಲಿ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿ, ಆರರಿಂದ ಎಂಟನೇ ತರಗತಿಯ ನಡುವೆ ಹತ್ತು ದಿನ ಬ್ಯಾಗಿಲ್ಲದೆ ಕುಶಲಕರ್ಮಿಗಳ ಹತ್ತಿರ ಕಲಿಯುವ ಅವಕಾಶ ಇರಲಿ ಅನ್ನುತ್ತದೆ. ನಿಮ್ಮ ಶಾಲೆ ಇದನ್ನು ಮಾಡುವುದಾದರೆ ಹತ್ತಿರದ ನೇಕಾರರನ್ನು ಕರೆಯಿರಿ. ಬಟ್ಟೆಯ ಕೆಲಸ ಬಲ್ಲ ಹಿರಿಯರು ಈ ಊರಿನಲ್ಲಿ ಇನ್ನೂ ಇದ್ದಾರೆ. ಶಾಲು ಹೊದಿಸಿ ಫೋಟೋ ತೆಗೆದು ಕಳಿಸಬೇಡಿ. ಕಂಪ್ಯೂಟರ್ ಟೀಚರಿಗೆ ಕೊಡುವಷ್ಟೇ ಸಂಬಳ ಕೊಡಿ, ಟೈಮ್ ಟೇಬಲ್‌ನಲ್ಲಿ ಎರಡು ಪೀರಿಯಡ್ ಒಟ್ಟಿಗೆ ಕೊಡಿ, ಒಂದರಲ್ಲಿ ಏನೂ ಆಗುವುದಿಲ್ಲ. ಬಟ್ಟೆ ಮುಗಿದ ಮೇಲೆ ಅದನ್ನು ಆಫೀಸ್ ರೂಮಿನ ಗಾಜಿನ ಹಿಂದೆ ಇಡದೆ ಲೈಬ್ರರಿಯ ನೆಲಕ್ಕೆ ಹಾಸಿ, ಮಕ್ಕಳು ಅದರ ಮೇಲೆ ಕೂತು ಓದಲಿ. ಕೊಳೆಯಾದರೆ ಒಗೆಯಬಹುದು.

ನಮಸ್ಕಾರ.