ತಾತನ ಸೀಮೆ ಸೈಕಲ್

ಎಲ್ಲರಿಗೂ ನಮಸ್ಕಾರ.

ಬೆಳಗ್ಗೆ ಆರೂವರೆ, ರಾಜಾಜಿನಗರ. ಹಾಲಿನವರು, ಪೇಪರ್ ಹುಡುಗರು ಬಿಟ್ಟರೆ ರಸ್ತೆಯಲ್ಲಿ ಇನ್ನೂ ಯಾರೂ ಇಲ್ಲ. ಮೆಟ್ಟಿಲ ಕೆಳಗೆ ಗೋಣಿಚೀಲ ಹೊದ್ದು ನಿಂತಿದೆಯಲ್ಲ, ಅದೇ ಇವತ್ತಿನ ವಿಡಿಯೋ. ನಮ್ಮ ತಾತನ ಸೈಕಲ್. ಹರ್ಕ್ಯುಲಿಸ್.

ಚೀಲ ತೆಗೆಯುತ್ತೇನೆ, ನೋಡಿ. ಎರಡೂ ಟೈರು ನೆಲಕ್ಕೆ ಕಚ್ಚಿವೆ. ಸೀಟಿನ ಚರ್ಮ ಹಪ್ಪಳದ ಹಾಗೆ ಸೊಟ್ಟಗಾಗಿದೆ. ಕ್ಯಾರಿಯರ್ ತುಕ್ಕು ಹಿಡಿದು ಒಂದು ಕಡೆ ಮುರಿದಿದೆ. ಆದರೆ ಬಾರ್ ಮೇಲೆ ಕೈ ಆಡಿಸಿದರೆ ಕಬ್ಬಿಣ ಇನ್ನೂ ಗಟ್ಟಿಯಾಗಿದೆ ಅಂತ ಕೈಗೇ ಗೊತ್ತಾಗುತ್ತೆ.

ತಾತ ಬಿನ್ನಿ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ದಿನಾ ಇದರಲ್ಲೇ ಹೋಗಿ ಬರುತ್ತಿದ್ದರು. ನಮ್ಮಪ್ಪ ಹುಟ್ಟಿದ ವರ್ಷ, 1964ರಲ್ಲಿ, ಕಂತಿನಲ್ಲಿ ತಗೊಂಡಿದ್ದಂತೆ. ಅಜ್ಜಿ ಈಗಲೂ ಹೇಳ್ತಾರೆ, "ಅದು ಸೀಮೆ ಸೈಕಲ್ ಕಣೇ. ಲಂಡನ್ನಿಂದ ಬಂದಿದ್ದು." ಸೀಮೆ ಅಂದರೆ ಹೊರದೇಶದ್ದು. ಸೀಮೆಎಣ್ಣೆ, ಸೀಮೆಹಸು ಅಂತೀವಲ್ಲ, ಹಾಗೆ. ನಾನೂ ಅದನ್ನೇ ನಂಬಿಕೊಂಡು ಬೆಳೆದೆ. ಸ್ಕೂಲಿನಲ್ಲಿ ಗೆಳತಿಯರಿಗೆಲ್ಲ ಹೇಳಿಕೊಂಡು ತಿರುಗಿದ್ದೆ.

ಇದನ್ನು ರಿಪೇರಿ ಮಾಡಿಸೋಣ ಅಂತ ಹೊರಟಾಗ ಒಂದು ಪ್ರಶ್ನೆ ಬಂತು. ಇದನ್ನು ಮಾಡಿದವರು ಯಾರು? ಆ ಕಂಪನಿ ಈಗ ಎಲ್ಲಿದೆ?

ಹುಡುಕುತ್ತಾ ಹೋದರೆ ಕತೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೆ ಹೋಗಿ ನಿಂತಿತು. 1910ರ ಸೆಪ್ಟೆಂಬರ್. ಎಡ್ಮಂಡ್ ಕ್ರೇನ್, ಹ್ಯಾರಿ ಕ್ರೇನ್ ಅಂತ ಇಬ್ಬರು ಅಣ್ಣತಮ್ಮಂದಿರು. ಕೈಯಲ್ಲಿ ದೊಡ್ಡ ದುಡ್ಡಿಲ್ಲ. ಬೇರೆಯವರು ಮಾಡಿದ ಬಿಡಿಭಾಗ ತಂದು ಜೋಡಿಸಿ ಸೈಕಲ್ ಮಾರೋದಕ್ಕೆ ಶುರು ಮಾಡಿದರು. ಹೆಸರು ಮಾತ್ರ ದೊಡ್ಡದೇ ಇಟ್ಟರು. ಹರ್ಕ್ಯುಲಿಸ್ ಅಂದರೆ ಗ್ರೀಕರ ಕತೆಗಳಲ್ಲಿ ಬರುವ ಮಹಾಬಲಶಾಲಿ. ನಮ್ಮ ಭೀಮ ಇದ್ದ ಹಾಗೆ.

ಅವರ ಲೆಕ್ಕಾಚಾರ ಸರಳ. ಕೂಲಿ ಮಾಡುವವನ ಕೈಗೂ ಸೈಕಲ್ ಎಟುಕಬೇಕು. ಒಂದೊಂದು ಸೈಕಲ್ಲಿಗೆ ಲಾಭ ಕಮ್ಮಿ ಇರಲಿ, ಮಾಡೋದು ಮಾತ್ರ ರಾಶಿ ರಾಶಿ. ಇದು ನಡೆಯಿತು ರೀ. 1939ರ ಹೊತ್ತಿಗೆ 60 ಲಕ್ಷಕ್ಕಿಂತ ಹೆಚ್ಚು ಸೈಕಲ್ ಮಾಡಿಬಿಟ್ಟಿದ್ದರು. ಪ್ರಪಂಚದಲ್ಲೇ ಅತಿ ಹೆಚ್ಚು ಸೈಕಲ್ ಮಾಡುವವರು ಇವರೇ ಅಂತ ಹೆಸರಾಯಿತು. ಹಡಗುಗಳಲ್ಲಿ ದೇಶದೇಶಕ್ಕೆ ಹೋದವು. ನಮ್ಮ ದೇಶಕ್ಕೂ ಬಂದವು. ಎಡ್ಮಂಡ್ ಕ್ರೇನ್‌ಗೆ 1935ರಲ್ಲಿ ಸರ್ ಪದವಿಯೂ ಸಿಕ್ಕಿತು.

ಈ ಕಂಪನಿಯ ಕತೆಯಲ್ಲಿ ನನಗೆ ತುಂಬಾ ಹಿಡಿಸಿದ್ದು ಒಬ್ಬ ಹುಡುಗಿ. ಹೆಸರು ಮಾರ್ಗರೀಟ್ ವಿಲ್ಸನ್. ಬ್ರಿಟನ್ನಿನ ನೈಋತ್ಯದ ತುದಿ ಲ್ಯಾಂಡ್ಸ್ ಎಂಡ್. ಅಲ್ಲಿಂದ ಸ್ಕಾಟ್ಲೆಂಡಿನ ಉತ್ತರದ ತುದಿ ಜಾನ್ ಓ ಗ್ರೋಟ್ಸ್‌ವರೆಗೆ ಸುಮಾರು 1,400 ಕಿಲೋಮೀಟರ್. ಇಲ್ಲಿಂದ ಚೆನ್ನೈಗೆ ಎರಡು ಸಲ ಹೋಗಿ ಬಂದಷ್ಟು. 1939ರಲ್ಲಿ ಹರ್ಕ್ಯುಲಿಸ್ ಸವಾರಳಾಗಿ ಅವಳು ಆ ದಾರಿಯನ್ನು 2 ದಿನ 22 ಗಂಟೆ 52 ನಿಮಿಷದಲ್ಲಿ ಮುಗಿಸಿದಳು. ಮುಗಿಸಿ ಮಲಗಿದಳಾ? ಇಲ್ಲ. ಮತ್ತೆ ಸೈಕಲ್ ಹತ್ತಿ 1,000 ಮೈಲಿ ಪೂರ್ತಿ ಮಾಡಿ ಆ ದಾಖಲೆಯನ್ನೂ ತನ್ನದಾಗಿಸಿಕೊಂಡಳು. ಎರಡನೇ ಮಹಾಯುದ್ಧ ಶುರುವಾಗುತ್ತಿದ್ದ ದಿನಗಳು ಅವು. ಆ ರಾತ್ರಿಗಳಲ್ಲಿ ಒಬ್ಬಳೇ ಪೆಡಲ್ ತುಳಿಯುತ್ತಾ ಏನು ಯೋಚಿಸುತ್ತಿದ್ದಳೋ ಅಂತ ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಯುದ್ಧ ಮುಗಿದ ಮೇಲೆ, 1946ರಲ್ಲಿ, ಹರ್ಕ್ಯುಲಿಸ್ ಕಂಪನಿ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಅನ್ನೋ ದೊಡ್ಡ ಗುಂಪಿನ ಕೈಗೆ ಹೋಯಿತು. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಚಿಕ್ಕದಾಗಿ ಟಿ.ಐ.

1955ರಲ್ಲಿ ಹರ್ಕ್ಯುಲಿಸ್ ಇನ್ನೊಂದು ದೊಡ್ಡ ಆಸೆ ಪಟ್ಟಿತು. ಟೂರ್ ದ ಫ್ರಾನ್ಸ್ ರೇಸಿಗೆ ಬ್ರಿಟನ್ನಿನಿಂದ ಮೊಟ್ಟಮೊದಲ ತಂಡ ಹೋಯಿತು. ಅದರಲ್ಲಿ ಹೆಚ್ಚಿನವರು ಹರ್ಕ್ಯುಲಿಸ್‌ನವರೇ. ಹತ್ತು ಜನ ಹೊರಟರು, ಪ್ಯಾರಿಸ್ ಮುಟ್ಟಿದವರು ಇಬ್ಬರೇ. ಬ್ರಯಾನ್ ರಾಬಿನ್ಸನ್ 29ನೆಯವರು. ಟೋನಿ ಹೋರ್ 69ನೆಯವರು, ಅಂದರೆ ಎಲ್ಲರಿಗಿಂತ ಕೊನೆಯವರು. ನನಗೆ ಆ ಕೊನೆಯವರ ಮೇಲೇ ಜಾಸ್ತಿ ಪ್ರೀತಿ. ಎಂಟು ಜನ ಜೊತೆಗಾರರು ಬಿಟ್ಟು ಹೋದ ಮೇಲೂ ಬೆಟ್ಟ ಹತ್ತಿ ಇಳಿದು ಬಂದು ಸೇರಿದರಲ್ಲ!

ಆ ತಂಡ ಮುಂದೆ ಉಳಿಯಲಿಲ್ಲ. ಅಲ್ಲಿನ ಜನ ಮೋಟಾರ್‌ಬೈಕು, ಕಾರು ಅಂತ ಆ ಕಡೆ ತಿರುಗಿದರು. ಸೈಕಲ್ ಕೇಳುವವರು ಕಮ್ಮಿಯಾದರು. ಕಂಪನಿಗಳು ಒಂದರೊಳಗೊಂದು ಸೇರಿಕೊಂಡವು. 1960ರಲ್ಲಿ ಟಿ.ಐ. ರ್‍ಯಾಲಿ ಕಂಪನಿಯನ್ನೂ ತಗೊಂಡಿತು. ಹೌದು, ನಮ್ಮ ಹಿರಿಯರು ಹೇಳುವ ಅದೇ ರ್‍ಯಾಲಿ ಸೈಕಲ್. ಹರ್ಕ್ಯುಲಿಸ್‌ನ ಆಡಳಿತ ರ್‍ಯಾಲಿಯವರ ಕೈಗೆ ಬಂತು. ಆಮೇಲೆ ಇಂಗ್ಲೆಂಡಿನಲ್ಲಿ ಹರ್ಕ್ಯುಲಿಸ್ ಅನ್ನೋದು ಬೇರೆ ಕಾರ್ಖಾನೆಯ ಸೈಕಲ್ ಮೇಲೆ ಅಂಟಿಸುವ ಹೆಸರಾಗಿ ಉಳಿಯಿತು. ರ್‍ಯಾಲಿಯವರ ನಾಟಿಂಗ್‌ಹ್ಯಾಮ್ ಕಾರ್ಖಾನೆಯಲ್ಲೂ 2002ರಲ್ಲಿ ಸೈಕಲ್ ಜೋಡಿಸೋದು ನಿಂತಿತು.

ಇದನ್ನೆಲ್ಲ ಓದಿದ ದಿನ ರಾತ್ರಿ ನನಗೆ ನಿಜವಾಗಿಯೂ ಬೇಜಾರಾಗಿತ್ತು. ತಾತ ಇಲ್ಲ. ಮಿಲ್ಲೂ ಇಲ್ಲ. ಬಿನ್ನಿ ಮಿಲ್ ಇದ್ದ ಕಡೆ ಈಗ ಎತ್ತರದ ಅಪಾರ್ಟ್‌ಮೆಂಟ್‌ಗಳಿವೆ, ನೀವೂ ನೋಡಿರುತ್ತೀರಿ. ಈಗ ಸೈಕಲ್ ಮಾಡಿದವರೂ ಇಲ್ಲ ಅಂತಾಯಿತಲ್ಲ.

ಮಾರನೇ ದಿನ ಸೈಕಲ್ಲನ್ನು ತಳ್ಳಿಕೊಂಡು ನಮ್ಮ ಏರಿಯಾದ ಶಾಪಿಗೆ ಹೋದೆ. ಅಲ್ಲಿನ ಮೆಕ್ಯಾನಿಕ್ ಅಣ್ಣ ಸೈಕಲ್ ನೋಡಿದ ತಕ್ಷಣ ಕೈಯಲ್ಲಿದ್ದ ಪಂಕ್ಚರ್ ಕೆಲಸ ಬಿಟ್ಟು ಎದ್ದು ಬಂದರು. ಬೆಲ್ ಒಂದು ಸಲ ಒತ್ತಿದರು. ಟ್ರಿಣ್ ಅನ್ನಲಿಲ್ಲ, ಕರ್ ಅಂತು. "ಇದನ್ನ ಗುಜರಿಗೆ ಮಾತ್ರ ಹಾಕ್ಬೇಡಿ ಮೇಡಂ. ಎಷ್ಟು ದಿನ ಆಗುತ್ತೋ ಆಗಲಿ, ನಾನು ಓಡಿಸಿ ಕೊಡ್ತೀನಿ" ಅಂದರು.

ಈಗ ನೋಡುತ್ತಿದ್ದೀರಲ್ಲ, ಇದು ಆ ದಿನದ ವಿಡಿಯೋ. ಹ್ಯಾಂಡಲ್ ಕೆಳಗೆ, ಮುಂದಿನ ಪೈಪಿನ ಮೇಲೆ ಒಂದು ತಗಡಿನ ಬಿಲ್ಲೆ ಇದೆ. ಯಾರೋ ಯಾವಾಗಲೋ ಅದರ ಮೇಲೇ ಕಪ್ಪು ಪೇಂಟ್ ಬಳಿದಿದ್ದಾರೆ. ಅಣ್ಣ ಹಳೇ ಬನಿಯನ್ ಬಟ್ಟೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಉಜ್ಜುತ್ತಿದ್ದಾರೆ. ಜೋರಾಗಿ ಉಜ್ಜುತ್ತಿಲ್ಲ ನೋಡಿ, ಮಗುವಿನ ಮುಖ ಒರೆಸಿದ ಹಾಗೆ. ಮೊದಲು ಒಂದು ಕೆಂಪು ಅಂಚು ಕಂಡಿತು. ಆಮೇಲೆ ಹರ್ಕ್ಯುಲಿಸ್ ಅನ್ನೋ ಅಕ್ಷರಗಳು. ನಾನು ಬರ್ಮಿಂಗ್‌ಹ್ಯಾಮ್ ಅಂತ ಬರುತ್ತೆ ಅಂತ ಉಸಿರು ಬಿಗಿ ಹಿಡಿದು ಕಾಯುತ್ತಿದ್ದೆ. ಕೊನೇ ಸಾಲು ನಿಧಾನಕ್ಕೆ ಬಿಟ್ಟುಕೊಂಡಿತು.

ಮದ್ರಾಸ್.

ಸೀಮೆ ಸೈಕಲ್ ಅಲ್ಲವೇ ಅಲ್ಲ ಇದು. ಪಕ್ಕದ ರಾಜ್ಯದ್ದು!

ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ಟಿ.ಐ. ಅಂತ. ಸ್ವಾತಂತ್ರ್ಯ ಬಂದ ಮೇಲೆ, 1949ರಲ್ಲಿ, ಆ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್‌ನವರು ಮದ್ರಾಸಿನ ಮುರುಗಪ್ಪ ಮನೆತನದವರ ಜೊತೆ ಸೇರಿ ಟಿ.ಐ. ಸೈಕಲ್ಸ್ ಆಫ್ ಇಂಡಿಯಾ ಅಂತ ಕಂಪನಿ ಮಾಡಿದರು. ಕಾರ್ಖಾನೆ ಅಂಬತ್ತೂರಿನಲ್ಲಿ. ಹರ್ಕ್ಯುಲಿಸ್ ಅಲ್ಲೇ ತಯಾರಾಗತೊಡಗಿತು. ಮುಂದೆ ಪೈಪು ಮಾಡೋದಕ್ಕೆ ಪಕ್ಕದ ಆವಡಿಯಲ್ಲಿ 1955ರಲ್ಲಿ ಟ್ಯೂಬ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಶುರುವಾಯಿತು. ಚೈನ್ ಮಾಡೋದಕ್ಕೂ ಒಂದು ಕಂಪನಿ ಬಂತು, ಟಿ.ಐ. ಡೈಮಂಡ್ ಚೈನ್. ಹುಟ್ಟಿದೂರಿನಲ್ಲಿ ಹರ್ಕ್ಯುಲಿಸ್ ಸೊರಗುತ್ತಿದ್ದ ಕಾಲದಲ್ಲೇ ಇಲ್ಲಿ ಅದು ಬೇರು ಬಿಡುತ್ತಿತ್ತು.

ಇನ್ನೊಂದು ವಿಷಯ ಹೇಳಲೇಬೇಕು. ನಾನು ಹೈಸ್ಕೂಲಿಗೆ ಹೋಗಿದ್ದು ಬಿ.ಎಸ್.ಎ. ಲೇಡಿಬರ್ಡ್‌ನಲ್ಲಿ. ಆ ಬಿ.ಎಸ್.ಎ. ಕೂಡ ಬರ್ಮಿಂಗ್‌ಹ್ಯಾಮಿನದೇ. ಮೊದಲು ಬಂದೂಕು ಮಾಡುತ್ತಿದ್ದ ಕಂಪನಿ. ಅದಕ್ಕೇ ಅದರ ಗುರುತಿನಲ್ಲಿ ಮೂರು ಬಂದೂಕು. 1957ರಲ್ಲಿ ಅದರ ಸೈಕಲ್ ವ್ಯಾಪಾರ ರ್‍ಯಾಲಿಯವರ ಪಾಲಾಯಿತು. ಆದರೆ ನನ್ನ ಲೇಡಿಬರ್ಡ್ ಮಾರಿದ್ದು ಇದೇ ಟಿ.ಐ. ಅಂದರೆ ತಾತನ ಸೈಕಲ್ಲೂ ನನ್ನ ಸೈಕಲ್ಲೂ ಒಂದೇ ಮನೆಯವು! ಇದು ಗೊತ್ತಾದಾಗ ಶಾಪಿನ ಸ್ಟೂಲ್ ಮೇಲೆ ಕೂತು ಕಣ್ಣೊರೆಸಿಕೊಂಡೆ.

ನಾನು ಸೈಕಲ್ ಕಲಿತಿದ್ದು ಈ ಹರ್ಕ್ಯುಲಿಸ್ ಮೇಲೆಯೇ, ಒಳಪೆಡಲ್ ಹೊಡೆದು. ಬಾರ್ ಕೆಳಗೆ ಕಾಲು ತೂರಿಸಿ, ಒಂದು ಕೈಯಲ್ಲಿ ಸೀಟು ಅಪ್ಪಿಕೊಂಡು, ಮೈಯೆಲ್ಲ ಸೊಟ್ಟ ಮಾಡಿಕೊಂಡು. ತಾತ ಹಿಂದೆ ಕ್ಯಾರಿಯರ್ ಹಿಡಿದು ಓಡುತ್ತಿದ್ದರು. "ಕೆಳಗೆ ನೋಡ್ಬೇಡ ಮಗಳೇ, ಮುಂದೆ ನೋಡು" ಅನ್ನುತ್ತಿದ್ದರು. ಯಾವಾಗ ಕೈ ಬಿಟ್ಟರೋ ಗೊತ್ತೇ ಆಗಿರಲಿಲ್ಲ.

ರಿಪೇರಿಗೆ ಮೂರು ವಾರ ಬೇಕಾಯಿತು. ಹೊಸ ಟೈರು, ಟ್ಯೂಬು. ಹಿಂದಿನ ಚಕ್ರಕ್ಕೆ ಹನ್ನೊಂದು ಕಡ್ಡಿ ಬದಲಾಯಿಸಿ ಬೆಂಡ್ ತೆಗೆದರು. ಈ ಸೈಕಲ್ಲಿನ ಬ್ರೇಕಿಗೆ ಕೇಬಲ್ ಇಲ್ಲ. ಹ್ಯಾಂಡಲ್‌ನಿಂದ ಚಕ್ರದವರೆಗೂ ಕಬ್ಬಿಣದ ರಾಡು. ಅದರ ಕೀಲುಗಳನ್ನು ಒಂದೊಂದಾಗಿ ಬಿಚ್ಚಿ, ತೊಳೆದು, ಗ್ರೀಸ್ ಹಾಕಿ ಕೂರಿಸಿದರು. ಪೇಂಟ್ ಹೊಡೆಸಲಾ ಅಂತ ಕೇಳಿದೆ. ಬೇಡ ಅಂದರು. ನನಗೂ ಬೇಡ ಅನ್ನಿಸಿತು. ಬಾರ್ ಮೇಲೆ ಒಂದು ಕಡೆ ಬಣ್ಣ ಸವೆದು ಕಬ್ಬಿಣ ಹೊಳೆಯುತ್ತಿದೆ ನೋಡಿ. ತಾತ ಊಟದ ಕ್ಯಾರಿಯರ್ ನೇತು ಹಾಕುತ್ತಿದ್ದ ಜಾಗ ಅದು.

ಇವತ್ತು ಬೆಳಗ್ಗೆ ಅದನ್ನು ಮನೆಗೆ ಓಡಿಸಿಕೊಂಡು ಬಂದೆ. ಸೀದಾ ಬರಲಿಲ್ಲ. ಮಾಗಡಿ ರಸ್ತೆ ಕಡೆಯಿಂದ ಬಿನ್ನಿ ಮಿಲ್ ತನಕ ಹೋಗಿ, ಗಾಡಿಗಳ ಮಧ್ಯೆ ಒಂದೈದು ನಿಮಿಷ ಪಕ್ಕಕ್ಕೆ ನಿಂತು, ತಿರುಗಿ ಬಂದೆ. ಭಾರದ ಸೈಕಲ್. ಏರಿನಲ್ಲಿ ತೊಡೆ ನೋಯುತ್ತೆ. ಆದರೆ ಒಂದು ಸಲ ವೇಗ ಹಿಡಿದರೆ ಅದರ ಪಾಡಿಗೆ ಹೋಗುತ್ತಾ ಇರುತ್ತೆ. ಗುಂಡಿ ಬಂದರೂ ಕುಲುಕೋದು ಕಮ್ಮಿ.

ಅಜ್ಜಿ ಬಾಗಿಲಲ್ಲೇ ಕಾಯುತ್ತಿದ್ದರು. ಬಿಲ್ಲೆ ತೋರಿಸಿ, "ಅಜ್ಜಿ, ಇದು ಲಂಡನ್ನಿಂದ ಬಂದಿದ್ದಲ್ಲ, ಮದ್ರಾಸಿನದು" ಅಂದೆ. ಬಗ್ಗಿ ನೋಡಿದರು. ಬೆರಳಿನಿಂದ ಅಕ್ಷರಗಳನ್ನು ಸವರಿದರು. ಬೆಲ್ ಒತ್ತಿದರು. ಈ ಸಲ ಟ್ರಿಣ್ ಅಂತು. ಆಮೇಲೆ ಸುಮ್ನೆ ಹಿಂದಕ್ಕೆ ಹೋಗಿ ನಿಂತರು.

"ಕ್ಯಾರಿಯರ್ ಎಲ್ಲೇ?"

"ಮುರಿದಿತ್ತು ಅಜ್ಜಿ. ಬಿಚ್ಚಿಟ್ಟಿದ್ದಾರೆ."

"ಅದನ್ನ ಮೊದಲು ಹಾಕಿಸು. ಗಾಂಧಿಬಜಾರಿಗೆ, ಕಡಲೆಕಾಯಿ ಪರಿಷೆಗೆ ಎಲ್ಲ ನಾನು ಅದರ ಮೇಲೇ ಕೂತು ಹೋಗ್ತಿದ್ದಿದ್ದು."

ಅಣ್ಣನಿಗೆ ಈಗಷ್ಟೇ ಫೋನ್ ಮಾಡಿದೆ. ಹಳೇ ಕ್ಯಾರಿಯರನ್ನೇ ವೆಲ್ಡಿಂಗ್ ಮಾಡಿ ಕೊಡುತ್ತಾರಂತೆ, ಗುರುವಾರ ಬನ್ನಿ ಅಂದರು.